ಮಾಲೀಕನಿಗೂ ಟಿಕೆಟ್ಟೇ?

ಥೆಮೆಲಿನಾ: ತಾತ, ಮೂರನೇ ಸಲ ಹೇಳ್ತಿದೀನಿ. ಒಬ್ಬರಿಗೆ ಹನ್ನೆರಡು ಯೂರೋ, ಇಬ್ಬರಿಗೆ ಇಪ್ಪತ್ನಾಲ್ಕು.

ಸಕೆಲ್ಲಾರಿಸ್: ನಾನೂ ಮೂರನೇ ಸಲ ಹೇಳ್ತಿದೀನಿ, ಈ ಹಡಗು ನಂದು. ನನ್ನ ಹಡಗು ಹತ್ತೋಕೆ ನಾನೇ ದುಡ್ಡು ಕೊಡ್ಬೇಕಾ?

ಕಲ್ಲಿಯೋಪಿ: ಊರವರ ಎದುರಿಗೆ ಮಾನ ಕಳೀಬೇಡ ಮಾರಾಯ. ದುಡ್ಡು ಬಿಸಾಕು, ಹೋಗೋಣ.

ಸಕೆಲ್ಲಾರಿಸ್: ದುಡ್ಡೆಲ್ಲಿದೆ? ಮಾಲೀಕನಿಗೆ ಟಿಕೆಟ್ ಯಾಕೆ ಅಂತ ಪರ್ಸು ಮನೇಲೇ ಬಿಟ್ಟು ಬಂದೆ.

ಕಾಲಿಮ್ನೋಸ್ ಬಂದರಿನ ಟಿಕೆಟ್ ಕಿಂಡಿಯ ಮುಂದೆ ಎಂಟೂವರೆಗೆ ಶುರುವಾದ ಈ ಜಗಳ ಎಂಟೂ ಮುಕ್ಕಾಲಾದರೂ ಮುಗಿದಿರಲಿಲ್ಲ. ಹಡಗು ಹೊರಡುವುದು ಒಂಬತ್ತಕ್ಕೆ. ಪಕ್ಕದ ಲೇರೋಸ್ ದ್ವೀಪದಲ್ಲಿ ಹನ್ನೊಂದಕ್ಕೆ ಈ ದಂಪತಿಯ ಮಗನ ಎರಡನೆಯ ಹೆಣ್ಣುಮಗುವಿಗೆ ಜ್ಞಾನಸ್ನಾನ, ಅಂದರೆ ನೀರಲ್ಲಿ ಮೂರು ಸಲ ಮುಳುಗಿಸಿ ಹೆಸರಿಡುವ ಶಾಸ್ತ್ರ. ಮೊದಲ ಮೊಮ್ಮಗಳಿಗೆ ಬೀಗಿತಿ ಎವ್ದೊಕಿಯಾಳ ಹೆಸರು ಹೋಗಿತ್ತು. ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವ ಪದ್ಧತಿಯ ಪ್ರಕಾರ ಈ ಸಲ ಕಲ್ಲಿಯೋಪಿಯ ಸರದಿ. ಆದರೆ ಬೀಗಿತಿ ‘ಡನಾಯಿ’ ಎಂಬ ನಾಜೂಕಿನ ಹೆಸರೊಂದನ್ನು ಹಿಡಿದುಕೊಂಡು ಕೂತಿದ್ದಾಳೆಂದು ಸುದ್ದಿ ಬಂದಿತ್ತು. ಚರ್ಚಿನಲ್ಲಿ ಹೆಸರು ಹೇಳುವವನು ಮಗುವಿನ ಧರ್ಮತಂದೆ. ಆ ಪಾಂಡೆಲಿಸ್ಸೋ, ಶುದ್ಧ ಮರೆಗುಳಿ. ಕೊನೆಗಳಿಗೆಯಲ್ಲಿ ಅವನ ಕಿವಿಯಲ್ಲಿ ಊದಿದವರದೇ ಗೆಲುವು. ಅದಕ್ಕೇ ಕಲ್ಲಿಯೋಪಿಗೆ ಈ ಹಡಗು ತಪ್ಪುವಂತಿಲ್ಲ. ಮುದುಕನಿಗೆ ಅದೆಲ್ಲಿ ತಿಳಿಯಬೇಕು!

ಥೆಮೆಲಿನಾ: ಹಡಗು ಕಂಪನೀದು ಎಷ್ಟು ಷೇರು ಇದೆ ತಾತ ನಿಮ್ಮ ಹತ್ರ?

ಸಕೆಲ್ಲಾರಿಸ್: ಇನ್ನೂರು! ಅಳಿಯನ ಫೋನಲ್ಲಿ ನಾನೇ ಬೆರಳೊತ್ತಿ ತಗೊಂಡಿದ್ದು.

ಕಲ್ಲಿಯೋಪಿ: ನಾನು ಬಟ್ಟೆ ಒಗೆಯೋ ಯಂತ್ರಕ್ಕೆ ಕೂಡಿಟ್ಟ ಆರುನೂರು ಯೂರೋ. ಈಗಲೂ ಕೈಯಲ್ಲೇ ಒಗೀತಿದೀನಿ, ಹಡಗಿನ ಮಾಲೀಕನ ಚಡ್ಡೀನ.

ಥೆಮೆಲಿನಾ: ನೋಡಿ ತಾತ, ಕಂಪನಿಯ ಷೇರು ಒಟ್ಟು ಎರಡು ಕೋಟಿ. ಅದರಲ್ಲಿ ಇನ್ನೂರು ನಿಮ್ದು. ಹಂಚಿದ್ರೆ ನಿಮ್ಮ ಪಾಲಿಗೆ ಒಂದು ಮೊಳೆ ಬರಬಹುದು.

ಸಕೆಲ್ಲಾರಿಸ್: ಬರ್ಲಿ. ಆ ಮೊಳೆ ಮೇಲೇ ಕೂತ್ಕೊಂಡು ಹೋಗ್ತೀನಿ.

ಥೆಮೆಲಿನಾ: ಮೊಳೆ ಮೇಲೆ ಕೂರೋಕೂ ಹನ್ನೆರಡು ಯೂರೋ.

ಸಕೆಲ್ಲಾರಿಸ್: ಇದ್ಯಾವ ನ್ಯಾಯ! ಮೂವತ್ತು ವರ್ಷ ಸಮುದ್ರದ ತಳದಿಂದ ಸ್ಪಂಜು ಕಿತ್ತವನು ಕಣಮ್ಮ ನಾನು. ನಮ್ಮ ದೋಣೀಲಿ ಪಾಲಿದ್ದವನು ಸೀದಾ ಹತ್ತಿ ಕೂತ್ಕೋತಿದ್ದ. ಪಾಲು ಅಂದ್ರೆ ಜಾಗ, ಊಟ, ಮೇಲಿಂದ ಕ್ಯಾಪ್ಟನ್ನಿಗೆ ಬೈಯೋ ಹಕ್ಕು!

ಥೆಮೆಲಿನಾ: ಆ ದೋಣೀಲಿ ನೀವು ನೀರಿಗೆ ಹಾರ್ತಿದ್ರಿ ತಾತ, ಕೆಲಸ ಮಾಡ್ತಿದ್ರಿ. ಇಲ್ಲಿ ದುಡ್ಡು ಮಾತ್ರ ಹಾಕಿದೀರಿ. ಬೈಯೋ ಹಕ್ಕು ಇದೆ, ವರ್ಷಕ್ಕೊಂದು ಸಲ, ಸಭೆಯಲ್ಲಿ.

ಸಕೆಲ್ಲಾರಿಸ್: ಅಲ್ಲೀವರೆಗೂ ಬಾಯಿ ಮುಚ್ಕೊಂಡಿರ್ಬೇಕಾ?

ಕಲ್ಲಿಯೋಪಿ: ಆಹಾ, ಇದು ಮೊದಲೇ ಗೊತ್ತಿದ್ದಿದ್ರೆ ನಾನೇ ಷೇರು ಕೊಡಿಸ್ತಿದ್ದೆ.

ಹಿಂದೆ ಸಾಲು ಉದ್ದವಾಗುತ್ತಿತ್ತು. ಯಾರೋ ಕೆಮ್ಮಿದರು, ಯಾರೋ ಗೊಣಗಿದರು. ಲೆಕ್ಕಶಾಸ್ತ್ರ ಓದಿ ಟಿಕೆಟ್ ಹರಿಯಲು ಕೂತಿದ್ದ ಥೆಮೆಲಿನಾಗೆ ಮಾತ್ರ ಕಲಿತದ್ದನ್ನು ಹೇಳಲು ಇಷ್ಟು ದಿನಕ್ಕೆ ಒಬ್ಬರು ಸಿಕ್ಕಿದ್ದರು.

ಥೆಮೆಲಿನಾ: ಒಂದು ಮಾತು ಕೇಳಿ. ನೀವು ಪುಕ್ಕಟೆ ಹೋದ್ರೆ ಕಂಪನಿಗೆ ನಷ್ಟ. ನಷ್ಟ ಆದ್ರೆ ಷೇರಿನ ಬೆಲೆ ಇಳಿಯುತ್ತೆ. ಷೇರು ಯಾರ್ದು?

ಸಕೆಲ್ಲಾರಿಸ್: ನಂದು.

ಥೆಮೆಲಿನಾ: ಹಾಗಾದ್ರೆ ನೀವು ಕತ್ತರಿಸ್ತಿರೋದು ಯಾರ ಜೇಬು?

ಸಕೆಲ್ಲಾರಿಸ್: ...ಟಿಕೆಟ್ ತಗೊಂಡ್ರೆ?

ಥೆಮೆಲಿನಾ: ಲಾಭ ಬರುತ್ತೆ. ಅದರಲ್ಲಿ ನಿಮಗೂ ಲಾಭಾಂಶ, ವರ್ಷಕ್ಕೆ ಷೇರಿಗೆ ಐದು ಸೆಂಟು. ಒಟ್ಟು ಹತ್ತು ಯೂರೋ. ಅದೂ ಕಂಪನಿ ಕೊಟ್ರೆ.

ಕಲ್ಲಿಯೋಪಿ: ವರ್ಷಕ್ಕೆ ಹತ್ತು! ಒಂದು ಟಿಕೆಟ್ಟಿಗೂ ಸಾಲಲ್ಲ. ನಮ್ಮ ಮಾಲೀಕರು ಅರ್ಧ ಸಮುದ್ರದಲ್ಲಿ ಇಳಿದು ಈಜ್ಕೊಂಡು ಹೋಗ್ಬೇಕು.

ಸಕೆಲ್ಲಾರಿಸ್: ನನಗೆ ಬೇಡವೇ ಬೇಡ. ಎಂಟು ಷೇರು ನೀನೇ ಇಟ್ಕೋಮ್ಮ, ಎರಡು ಟಿಕೆಟ್ ಕೊಡು. ಮೂರು ಯೂರೋಗೆ ಒಂದರಂತೆ ತಗೊಂಡಿದ್ದು, ಸರಿಹೋಯ್ತು.

ಥೆಮೆಲಿನಾ: ಕಿಂಡೀಲಿ ಷೇರು ತಗೊಳ್ಳಲ್ಲ ತಾತ. ಅಥೆನ್ಸಿನ ಮಾರುಕಟ್ಟೇಲಿ ಮಾರ್ಬೇಕು, ಅದು ತೆರೆಯೋದು ಹತ್ತೂವರೆಗೆ. ಮಾರಿದ ದುಡ್ಡು ಕೈಗೆ ಬರೋಕೆ ಎರಡು ದಿನ. ಮತ್ತೆ... ಈಗಿನ ಬೆಲೆ ಒಂದು ಯೂರೋ ಎಂಬತ್ತೈದು ಸೆಂಟು.

ಸಕೆಲ್ಲಾರಿಸ್: ಎಲ್ಲಿ ಹೋಯ್ತು ಉಳಿದಿದ್ದು? ಕದ್ದೋರು ಯಾರು?

ಥೆಮೆಲಿನಾ: ಯಾರೂ ಕದ್ದಿಲ್ಲ. ಕೊಳ್ಳೋರು ಕಮ್ಮಿ, ಮಾರೋರು ಜಾಸ್ತಿ. ಬೆಲೆ ಏಳುತ್ತೆ, ಬೀಳುತ್ತೆ, ಕಾಯ್ಬೇಕು.

ಕಲ್ಲಿಯೋಪಿ: ಎರಡು ದಿನ ಕಾಯೋದಾ? ಅಷ್ಟರಲ್ಲಿ ಮಗು ನೀರಲ್ಲಿ ಮೂರು ಸಲ ಮುಳುಗಿ ಡನಾಯಿ ಆಗಿ ಎದ್ದಿರುತ್ತೆ!

ಹಡಗು ಕೂಗಿತು. ಕಲ್ಲಿಯೋಪಿಯ ತಾಯಿಯ ಹೆಸರು ಹಿರಿಮಗಳಿಗೆ, ಅತ್ತೆಯ ಹೆಸರು ಕಿರಿಮಗಳಿಗೆ ಹೋಗಿತ್ತು. ನಲವತ್ತು ವರ್ಷ ಎಲ್ಲರ ಹೆಸರನ್ನೂ ಕೂಗಿ ಕೂಗಿ ಊಟಕ್ಕೆ ಕರೆದವಳಿಗೆ, ತನ್ನ ಹೆಸರನ್ನೂ ಯಾರಾದರೂ ಹಾಗೆ ಕೂಗಲಿ ಎಂಬ ಒಂದೇ ಆಸೆ. ಅವಳು ಕರವಸ್ತ್ರದ ಗಂಟು ಬಿಚ್ಚಿ, ಮಗುವಿನ ದಿಂಬಿನಡಿ ಇಡಲು ತಂದಿದ್ದ ಐವತ್ತರ ನೋಟನ್ನು ಹೊರತೆಗೆದಳು.

ಕಲ್ಲಿಯೋಪಿ: ಒಂದು ಟಿಕೆಟ್ ಕೊಡಮ್ಮ.

ಸಕೆಲ್ಲಾರಿಸ್: ಒಂದಾ? ನಾನು?

ಕಲ್ಲಿಯೋಪಿ: ನೀನು ದಡದಲ್ಲಿ ನಿಂತ್ಕೊಂಡು ನಿನ್ನ ಹಡಗು ನೋಡು.

ಸಕೆಲ್ಲಾರಿಸ್: ನನ್ನ ಮೊಮ್ಮಗಳು ಕಣೇ!

ಕಲ್ಲಿಯೋಪಿ: ಹಾಗಾದ್ರೆ ಆ ಇನ್ನೂರು ಷೇರೂ ನನ್ನ ಹೆಸರಿಗೆ.

ಸಕೆಲ್ಲಾರಿಸ್: ನೂರು?

ಹಡಗು ಎರಡನೇ ಸಲ ಕೂಗಿತು.

ಸಕೆಲ್ಲಾರಿಸ್: ಆಯ್ತು ತಾಯಿ, ಇನ್ನೂರೂ ನಿಂದೇ. ಈ ಹುಡುಗೀನೇ ಸಾಕ್ಷಿ.

ಕಲ್ಲಿಯೋಪಿ: ಎರಡು ಕೊಡಮ್ಮ ಟಿಕೆಟ್ಟು.

ಚಿಲ್ಲರೆ ಎಣಿಸುತ್ತಿದ್ದಾಗ ಬೆನ್ನ ಹಿಂದಿನಿಂದ ಒಂದು ಗಂಡುದನಿ ಕಿಂಡಿಯತ್ತ ತೂರಿ ಬಂತು. “ನನಗೊಂದು. ವಿದ್ಯಾರ್ಥಿ ರಿಯಾಯಿತಿ ಇದೆಯಲ್ಲ? ಕಾರ್ಡು ಸ್ವಲ್ಪ ಹಳೇದು...”

ಕಲ್ಲಿಯೋಪಿ ತಿರುಗಿಯೂ ನೋಡಲಿಲ್ಲ.

ಕಲ್ಲಿಯೋಪಿ: ಹಳೇ ಕಾರ್ಡು ಹಿಡ್ಕೊಂಡು ಬರೋಕೆ ನಾಚಿಕೆ ಆಗಲ್ವಾ? ಹೀಗೆ ಎಲ್ಲರೂ ಅರ್ಧಂಬರ್ಧ ಕೊಟ್ರೆ ನನ್ನ ಷೇರು ಏಳೋದು ಯಾವಾಗ? ಪೂರ್ತಿ ಕೊಡು!

ಆಮೇಲೆ ತಿರುಗಿದಳು. ಬಗಲಲ್ಲಿ ಜ್ಞಾನಸ್ನಾನಕ್ಕೆಂದು ಬಿಳಿ ರಿಬ್ಬನ್ನಿನ ಉದ್ದನೆಯ ಮೇಣದಬತ್ತಿ ಇರುಕಿಕೊಂಡು, ಮೂವತ್ತೈದು ವರ್ಷದ ಪಾಂಡೆಲಿಸ್ ಪೆಚ್ಚಾಗಿ ನಿಂತಿದ್ದ. ಮಗುವಿನ ಧರ್ಮತಂದೆ.

ಪಾಂಡೆಲಿಸ್: ಕೊಡ್ತೀನಿ ಬಿಡಿ ಅತ್ತೆ, ಅದಕ್ಕ್ಯಾಕೆ ಬೈತೀರಿ. ನಿಮ್ಮ ಬೀಗಿತಿ ಎಷ್ಟು ಮರ್ಯಾದೆಯಿಂದ ಮಾತಾಡ್ತಾರೆ! ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿ ಒಂದು ಹೆಸರು ಹೇಳಿದ್ರು. ಏನೋ ‘ಡ’ ಅಂತ ಶುರುವಾಗುತ್ತೆ...

ಕಲ್ಲಿಯೋಪಿ: ನೆನಪು ಮಾಡ್ಕೋಬೇಡ ಮಗನೇ, ತಲೆನೋವು ಬರುತ್ತೆ! ಥೆಮೆಲಿನಾ, ಇವನ ಟಿಕೆಟ್ಟೂ ನನ್ನ ದುಡ್ಡಲ್ಲೇ ಹಿಡಿ. ಬಾ ಕಂದ, ನನ್ನ ಪಕ್ಕದಲ್ಲೇ ಕೂತ್ಕೋ. ತಿಂಡಿ ಆಯ್ತಾ?

ಸಕೆಲ್ಲಾರಿಸ್: ಇದೇನೇ! ಮಾಲೀಕಳಾಗಿ ಎರಡು ನಿಮಿಷ ಆಗಿಲ್ಲ, ಆಗ್ಲೇ ಹನ್ನೆರಡು ಯೂರೋ ನೀರಿಗೆ ಹಾಕಿದೀಯ!

ಕಲ್ಲಿಯೋಪಿ: ಹಾಕಿದೀನಿ. ಹನ್ನೊಂದು ಗಂಟೆಗೆ ಲಾಭಾಂಶ ಆ ನೀರಿಂದಲೇ ಎದ್ದು ಬರುತ್ತೆ, ನನ್ನ ಹೆಸರಿಟ್ಕೊಂಡು. ನಡಿ, ನನ್ನ ಹಡಗು ಹೊರಡ್ತಿದೆ.