ಹಂಪಿ ತೋರಿಸುವವನ ಬಿಪಿ

ಹಂಪಿಯನ್ನು ನೋಡಿದವರೆಲ್ಲ ಅಲ್ಲಿ ಮನಸ್ಸಿಗೆ ಎಂಥ ನೆಮ್ಮದಿ ಸಿಕ್ಕಿತು ಎಂದು ಹೇಳಿಕೊಂಡು ಊರಿಗೆ ಹೋಗುತ್ತಾರೆ. ಅವರಿಗೆ ಹಂಪಿ ತೋರಿಸಿದವನ ನೆಮ್ಮದಿ ಏನಾಯಿತು ಎಂದು ಈವರೆಗೆ ಯಾರೂ ವಿಚಾರಿಸಿಲ್ಲ. ನಾನು ಹೊಸಪೇಟೆಯವನು. ನಮ್ಮ ಮನೆಯಿಂದ ಹಂಪಿಗೆ ಆಟೋದಲ್ಲಿ ಅರ್ಧ ಗಂಟೆಯ ದಾರಿ. ಈ ಒಂದು ಕಾರಣಕ್ಕೆ ನನಗಿರುವಷ್ಟು ನೆಂಟರು ಬೇರೆ ಊರಿನಲ್ಲಿ ಯಾರಿಗೂ ಇರಲಾರರು. ಮಳೆಗಾಲ ಮುಗಿದು ಬಿಸಿಲು ಸ್ವಲ್ಪ ಹದಕ್ಕೆ ಬಂತೆಂದರೆ ಸಾಕು, ಯಾವುದೋ ಮದುವೆಯಲ್ಲಿ ಒಮ್ಮೆ ಮಾತಾಡಿಸಿದವರಿಗೂ ನಮ್ಮ ನೆನಪು ಉಕ್ಕಿ ಬರುತ್ತದೆ. “ನಿಮ್ಮನ್ನ ನೋಡಿ ಭಾಳ ದಿನಾ ಆತು ನೋಡ್ರಿ, ಹಂಗ ಹಂಪಿನೂ ನೋಡ್ಕೊಂಡು ಹೋಗೋಣಂತ” ಎಂದು ಫೋನ್ ಮಾಡುತ್ತಾರೆ. ನಮ್ಮನ್ನು ನೋಡುವುದು ಬಾಗಿಲಲ್ಲೇ ಮುಗಿಯುತ್ತದೆ. ಉಳಿದ ದಿನವೆಲ್ಲ ಹಂಪಿ.

ಹೀಗೆ ತೋರಿಸುತ್ತ ತೋರಿಸುತ್ತ ನಾನು ಹಂಪಿಯ ವಿಷಯದಲ್ಲಿ ಒಂದು ನಮೂನೆಯ ಪಂಡಿತನೇ ಆಗಿಬಿಟ್ಟೆ. ಆನೆಲಾಯದ ಮುಂದೆ ಏನು ಹೇಳಬೇಕು, ಎಷ್ಟು ಹೊತ್ತು ನಿಲ್ಲಿಸಿ ಹೇಳಬೇಕು, ಎಲ್ಲಿ ದನಿ ಇಳಿಸಬೇಕು, ಎಲ್ಲ ಬಾಯಿಪಾಠ. ಆದರೆ ಕೇಳುವವರು ಬೇಕಲ್ಲ. ಕಲ್ಲಿನ ಕಾಲುವೆಯಲ್ಲಿ ಪುಷ್ಕರಣಿಗೆ ನೀರು ಹೇಗೆ ಬರುತ್ತಿತ್ತು ಎಂದು ನಾನು ಶುರು ಮಾಡುವಷ್ಟರಲ್ಲಿ ಒಬ್ಬರು ಸೆಲ್ಫಿಗಾಗಿ ತಲೆ ಬಾಚುತ್ತಿರುತ್ತಾರೆ, ಇನ್ನೊಬ್ಬರು ಎಳನೀರು ಎಲ್ಲಿ ಸಿಗುತ್ತದೆ ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಉರಿದರೂ ಬಿಡದೆ, ದನಿ ಏರಿಸಿ ಪೂರ್ತಿ ಹೇಳಿಯೇ ಮುಂದಿನ ಗುಡಿಗೆ ನಡೆಸುತ್ತೇನೆ.

ಸಂಡೂರು ಕಡೆಯ ಒಂದು ಉಕ್ಕಿನ ಕಾರ್ಖಾನೆಯಲ್ಲಿ ನಾನು ಕ್ರೇನ್ ಆಪರೇಟರ್. ಛಾವಣಿಯ ಹತ್ತಿರ ಒಂದು ಸಣ್ಣ ಕ್ಯಾಬಿನ್ನಿನಲ್ಲಿ ಕುಳಿತು, ಕೆಳಗಿರುವ ಭಾರಿ ಉಕ್ಕಿನ ಸುರುಳಿಗಳನ್ನು ಎತ್ತಿ ಅತ್ತಿಂದ ಇತ್ತ ಇಡುವ ಕೆಲಸ. ಸುರುಳಿ ಒಂದಿಷ್ಟೂ ತೂಗಾಡಬಾರದು. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದ ಹಾಗೆ ಇಳಿಸುತ್ತೇನೆ ಎಂದು ನನಗೆ ಹೆಸರಿದೆ. ಅಲ್ಲಿ ಮೇಲೆ ಎಳನೀರು ಕೇಳುವವರಿಲ್ಲ. ನನ್ನ ಪಾಲಿನ ನೆಮ್ಮದಿ ಎಂದರೆ ಆ ಕ್ಯಾಬಿನ್. ಈ ಸಲದ ವೈದ್ಯಕೀಯ ತಪಾಸಣೆಯಲ್ಲಿ ಅದಕ್ಕೇ ಕುತ್ತು ಬಂತು. ಕಾರ್ಖಾನೆಯ ಡಾಕ್ಟರು ಮೈಸೂರು ಕಡೆಯವರು. ನನ್ನ ಬಿಪಿ ನೋಡಿದರು, ಮತ್ತೊಮ್ಮೆ ನೋಡಿದರು. “ಇಷ್ಟು ಬಿಪಿ ಇಟ್ಕೊಂಡು ನಿಮ್ಮನ್ನ ಮೇಲೆ ಹತ್ತಿಸೋಕಾಗಲ್ಲ. ಮಾತ್ರೆ ಕೊಡ್ತೀನಿ. ಟೆನ್ಷನ್ ಎಲ್ಲಿಂದ ಬರುತ್ತೋ ಅದನ್ನ ಮೊದಲು ನಿಲ್ಲಿಸಿ. ಮುಂದಿನ ತಿಂಗಳೂ ಹೀಗೇ ಇದ್ರೆ ಕೆಳಗಿನ ಕೆಲಸಾನೇ ಕಾಯಂ” ಎಂದರು. ಕೆಳಗಿನ ಕೆಲಸವೆಂದರೆ ಸ್ಟೋರಿನ ಕಿಟಕಿ. ಗ್ಲೌಸು ಬಂದಿಲ್ಲ, ಬೂಟು ಬಂದಿಲ್ಲ ಎಂದು ಜಗಳಕ್ಕೆ ನಿಂತವರ ಮುಖ ನೋಡುತ್ತ ದಿನವಿಡೀ ಕೂರುವುದು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮನೆಗೆ ಬಂದು ನನ್ನ ಹೆಂಡತಿ ಗಿರಿಜಾಗೆ ಹೇಳಿದೆ. “ಹಂಗಾರ ಈ ತಿಂಗಳು ಯಾರೂ ಬರೋದು ಬ್ಯಾಡ” ಎಂದು ಅವಳು ಟೊಂಕ ಕಟ್ಟಿ ನಿಂತಳು. ಗದಗಿನ ತನ್ನ ಅಕ್ಕನಿಗೆ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದಳು. ಸಿಂಧನೂರಿನ ನನ್ನ ಸೋದರಮಾವನಿಗೆ ಮನೆಗೆ ಸುಣ್ಣ ಬಳಿಸುತ್ತಿದ್ದೇವೆಂದಳು. ಭಾನುವಾರಗಳು ಖಾಲಿಯಾದವು. ನಾನು ಮಾಳಿಗೆಯ ಮೇಲೆ ಚಾಪೆ ಹಾಸಿ ಪ್ರಾಣಾಯಾಮಕ್ಕೆ ಕುಳಿತೆ. ಉಸಿರು ಒಳಗೆ ಎಳೆದುಕೊಂಡರೆ, ಗದಗಿನವರು ಹಂಪಿಗೆ ಬಂದೇಬಿಟ್ಟರೇನೋ ಎಂಬ ಯೋಚನೆ. ಹೊರಗೆ ಬಿಟ್ಟರೆ, ಅವರಿಗೆ ಯಾರು ಏನೇನು ತಪ್ಪು ಹೇಳುತ್ತಿದ್ದಾರೋ ಎಂಬ ಯೋಚನೆ. ತಡೆಯಲಾರದೆ ಕೆಳಗಿಳಿದು, ರೊಟ್ಟಿಯನ್ನು ಹೇಗೆ ಬಡಿದರೆ ಅಂಚು ಸೀಳುವುದಿಲ್ಲ ಎಂದು ಗಿರಿಜಾಗೆ ವಿವರಿಸತೊಡಗಿದೆ. ಮುಂದಿನ ಭಾನುವಾರ, ಒಗ್ಗರಣೆಗೆ ಸಾಸಿವೆ ಯಾವಾಗ ಹಾಕಬೇಕು ಎಂಬ ವಿಷಯ ತೆಗೆದುಕೊಂಡೆ. ಅವಳು ತಲೆ ತಗ್ಗಿಸಿ ಈರುಳ್ಳಿ ಹೆಚ್ಚುತ್ತಿದ್ದಳು. ಮನಸ್ಸಿಟ್ಟು ಕೇಳುತ್ತಿದ್ದಾಳೆ ಎಂದುಕೊಂಡೆ.

ಮರುತಪಾಸಣೆಗೆ ನಾಲ್ಕಾರು ದಿನ ಇರುವಾಗ ಗಿರಿಜಾ ಕೊಪ್ಪಳದ ತನ್ನ ತಮ್ಮ ಮಂಜುನಾಥನಿಗೆ ಫೋನ್ ಮಾಡಿದಳು. ಕೈಯೆಲ್ಲ ಹಿಟ್ಟಾಗಿದ್ದರಿಂದ ಫೋನ್ ಕಟ್ಟೆಯ ಮೇಲೆ, ಸ್ಪೀಕರಿನಲ್ಲಿತ್ತು. ನಾನು ಬಾಗಿಲ ಆಚೆಗೆ ಇದ್ದೆ.

“ಮಂಜು, ಈ ಐತಾರ ಜಲ್ದಿ ಬಂದು ನಿಮ್ಮ ಮಾಮಾರನ್ನ ಹಂಪಿಗೆ ಕರ್ಕೊಂಡು ಹೋಗಪ್ಪ. ಮನ್ಯಾಗ ಇವರ ಪಾಠ ಕೇಳಿ ಕೇಳಿ ನನ್ನ ತಲಿ ಚಿಟ್ಟು ಹಿಡದೈತಿ.”

“ಬರ್ತೀನಕ್ಕ. ಆದ್ರ ಮಾಮಾರು ಬಾಯಿ ತೆಗ್ಯಂಗಿಲ್ಲ ಅಂದ್ರ ಮಾತ್ರ. ದೊಡ್ಡಕ್ಕಾರು ಹೋದ ವಾರ ಗದಗಿಂದ ಬಂದು, ನಿಮಗ ಗೊತ್ತಾಗಬಾರದಂತ ಲಾಡ್ಜಿನ್ಯಾಗ ಇಳ್ಕೊಂಡು ಹಂಪಿ ನೋಡಿ ಹೋದ್ರು. ಮಸ್ತ್ ಆತಂತ. ಭಾಳ ಶಾಂತಿ ಇತ್ತಂತ.”

ನನಗೆ ಅವಮಾನವೂ ಆಯಿತು, ಸಿಟ್ಟೂ ಬಂತು. ಇಷ್ಟು ವರ್ಷ ನೆಂಟರು ನನ್ನ ತಲೆ ತಿಂದರು ಎಂದುಕೊಂಡಿದ್ದೆ. ಅವರ ಪ್ರಕಾರ ತಿಂದವನು ನಾನು. ಆಗಲಿ, ನೋಡೇಬಿಡೋಣ ಎಂದು ಆ ಭಾನುವಾರ ಹಟ ಹಿಡಿದು ಬಾಯಿ ಮುಚ್ಚಿಕೊಂಡೇ ಮಂಜುನಾಥನ ಜೊತೆ ಹಂಪಿಗೆ ಹೋದೆ. ರಾಣಿಯ ಸ್ನಾನಗೃಹದಲ್ಲಿ ಯಾರೋ ಒಬ್ಬರು, ಇದು ಕುದುರೆಗಳ ಮೈ ತೊಳೆಯಲು ಕಟ್ಟಿಸಿದ್ದು ಎಂದು ತಮ್ಮ ಕಡೆಯವರಿಗೆ ಹೇಳುತ್ತಿದ್ದರು. ಹಲ್ಲು ಕಚ್ಚಿ ಮುಂದೆ ನಡೆದೆ. ಮಧ್ಯಾಹ್ನ ಹೊಳೆಯ ದಂಡೆಯ ಒಂದು ಮಂಟಪದಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಿಂದು, ಇಷ್ಟು ಸಲ ಬಂದರೂ ಒಮ್ಮೆಯೂ ಕೂರದಿದ್ದ ಆ ತಣ್ಣನೆಯ ಕಲ್ಲಿನ ಮೇಲೆ ಒರಗಿದೆ. ಯಾವಾಗ ನಿದ್ದೆ ಹತ್ತಿತೋ ಗೊತ್ತಿಲ್ಲ. ಎದ್ದಾಗ ಬಿಸಿಲು ಇಳಿದಿತ್ತು. ಮಂಜುನಾಥ ಪಕ್ಕದಲ್ಲಿ ಕುಳಿತು ಹೊಳೆ ನೋಡುತ್ತಿದ್ದ. “ಮಾಮಾರ, ಇವತ್ತ ಹಂಪಿ ಭಾಳ ಛಲೋ ತೋರ್ಸಿದ್ರಿ” ಎಂದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

ಮರುದಿನ ಡಾಕ್ಟರು ಬಿಪಿ ನೋಡಿ ಹುಬ್ಬೇರಿಸಿದರು. ಎಲ್ಲ ಸರಿಯಾಗಿತ್ತು. ಮೇಲೆ ಹತ್ತಬಹುದು ಎಂದು ಸಹಿ ಹಾಕಿಯೇ ಕೊಟ್ಟರು. ನನಗೆ ಆದ ಸಂತೋಷಕ್ಕೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅವರು ಪೆನ್ನು ಕೆಳಗಿಟ್ಟು, “ಏನ್ ಮಾಡಿದ್ರಿ ಹೇಳಿ, ಬೇರೆಯವರಿಗೂ ಉಪಯೋಗ ಆಗುತ್ತೆ” ಎಂದು ಕೇಳಿದರು. ಅಷ್ಟು ದೊಡ್ಡವರು ಬಾಯಿಬಿಟ್ಟು ಕೇಳಿದ ಮೇಲೆ ಹೇಳದಿದ್ದರೆ ಹೇಗೆ? ಮೌನ ಎಂದರೇನು ಎಂಬಲ್ಲಿಂದ ಶುರು ಮಾಡಿದೆ. ಮಂಟಪದ ಕಲ್ಲು ಉರಿಬಿಸಿಲಲ್ಲೂ ಯಾಕೆ ತಣ್ಣಗಿರುತ್ತದೆ, ಹಿಂದಿನವರು ಗಾಳಿಯ ದಿಕ್ಕು ನೋಡಿ ಕಂಬಗಳನ್ನು ಹೇಗೆ ನಿಲ್ಲಿಸುತ್ತಿದ್ದರು, ಮನುಷ್ಯ ಮಾತು ಕಡಿಮೆ ಮಾಡಿದರೆ ರಕ್ತದ ಓಟ ಹೇಗೆ ಹದಕ್ಕೆ ಬರುತ್ತದೆ, ಒಂದನ್ನೂ ಬಿಡದೆ ವಿವರಿಸುತ್ತ ಹೋದೆ. ಹೊರಗೆ ಕಾಯುತ್ತಿದ್ದವರು ಬಾಗಿಲು ತೆರೆದು ಇಣುಕಿ ನೋಡಿ ಹೋದರು. ನಾನಿನ್ನೂ ರಕ್ತದ ಓಟದ ವಿಷಯ ಮುಗಿಸಿರಲಿಲ್ಲ, ನೋಡುತ್ತೇನೆ, ಡಾಕ್ಟರು ಬಿಪಿ ಯಂತ್ರದ ಪಟ್ಟಿಯನ್ನು ತಮ್ಮ ತೋಳಿಗೇ ಸುತ್ತಿಕೊಳ್ಳುತ್ತಿದ್ದರು.