ಬಾಯಿ ಮುಚ್ಚಿ ಕುಳಿತ ಒಂದು ತಾಸು

ಯಾರಾದರೂ ಒಂದು ಮಾತು ಅಂದರೆ ತಿರುಗಿ ಎರಡು ಅನ್ನದಿದ್ದರೆ ನನಗೆ ಊಟ ಸೇರುವುದಿಲ್ಲ. ಲಕ್ಷ್ಮೇಶ್ವರದ ಬಜಾರದಲ್ಲಿ ಮೂವತ್ತು ವರ್ಷ ಸೀರೆ ಮಾರಿದವನಿಗೆ ಇದು ಇರಬೇಕಾದ ಗುಣವೇ ಎಂದು ಒಳಗೊಳಗೇ ಬೀಗುತ್ತಿದ್ದೆ. ಇದೇ ಗುಣದಿಂದಾಗಿ ಹಿರೇವಡ್ಡಟ್ಟಿಗೆ ಕೊಟ್ಟಿರುವ ನನ್ನ ಅಕ್ಕ ಎರಡು ವರ್ಷ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಗೃಹಪ್ರವೇಶಕ್ಕೆ ಅವಳನ್ನು ಫೋನಿನಲ್ಲೇ ಕರೆದಿದ್ದೆ. ಮನೆತನಕ ಯಾಕೆ ಬರಲಿಲ್ಲವೆಂದು ಕೇಳಿದ್ದಕ್ಕೆ, “ಫೋನು ಮತ್ತ ಯಾತಕ್ಕ ಐತಿ?” ಎಂದಿದ್ದೆ.

ಮೊನ್ನೆ ನಮ್ಮೂರಲ್ಲೇ ದವಡೆ ಹಲ್ಲು ಕೀಳಿಸಿಕೊಂಡೆ. ಡಾಕ್ಟರಮ್ಮ ಆ ಜಾಗಕ್ಕೆ ಹತ್ತಿ ತುರುಕಿ, “ಒಂದ್ ತಾಸು ಗಟ್ಟಿ ಕಚ್ಚಿ ಹಿಡೀರಿ. ಮಾತಾಡಿದ್ರ ರಕ್ತ ನಿಲ್ಲಂಗಿಲ್ಲ ನೋಡ್ರಿ” ಎಂದರು. ಊದಿದ ಕೆನ್ನೆ ಹಿಡಿದು ಮನೆಗೆ ಬಂದು ಕೂತಿದ್ದೇ ತಡ, ಅಕ್ಕ ಒಳಗೆ ಬಂದಳು. ನನ್ನ ಹೆಂಡತಿ ಬೆಳಿಗ್ಗೆಯೇ ಹಲ್ಲಿನ ಖಬರು ಮುಟ್ಟಿಸಿದ್ದಳಂತೆ.

“ಹೆಂಗದೀಯೋ ತಮ್ಮಾ?” ಎಂದು ಶುರುಮಾಡಿದವಳು ಉಸಿರು ತಿರುಗುವುದರೊಳಗೆ ಗೃಹಪ್ರವೇಶದ ಮಾತಿಗೆ ಬಂದಳು. “ಶಾಲಿಗೆ ಒಲ್ಲೆ ಅಂತ ಅಳ್ತಿದ್ದಿ, ಹೊತ್ಕೊಂಡು ಹೋಗ್ತಿದ್ದೆ. ನನ್ನ ಮನಿತನಕ ಬರಾಕ ನಿನಗ ಕಾಲು ಇರಲಿಲ್ಲೇನು?”

ಇದಕ್ಕೆ ಬಹಳ ಒಳ್ಳೆಯ ಉತ್ತರವೊಂದು ನನ್ನಲ್ಲಿತ್ತು. ಅದು ನಾಲಿಗೆಯವರೆಗೆ ಬಂದು ಹತ್ತಿಗೆ ತಾಗಿ ಹಿಂದಕ್ಕೆ ಹೋಯಿತು. ಅಕ್ಕ ಕಾದಳು. ಮತ್ತಷ್ಟು ಅಂದಳು. ಕೊನೆಗೆ ದನಿ ತಗ್ಗಿ, “ಅಪ್ಪ ಹೋದ ಮ್ಯಾಲ ನನಗ ತವರು ಅಂದ್ರ ನೀನ ಅಲ್ಲೇನೋ?” ಎಂದಳು. ಎರಡು ವರ್ಷದ ಫೋನಿನ ಜಗಳದಲ್ಲಿ ಈ ಮಾತು ಅವಳ ಬಾಯಿಗೆ ಬರುವ ಮೊದಲೇ ನಾನು ಪ್ರತಿಸಲವೂ ಮಾತು ಶುರುಮಾಡಿರುತ್ತಿದ್ದೆ. ನನ್ನ ಕಣ್ಣು ತುಂಬಿತು.

“ಭಾಳ ನೋಯಾಕತ್ತೈತೇನು?” ಎಂದಳು. ಇಲ್ಲವೆಂದು ತಲೆಯಾಡಿಸಿ ಅವಳ ಕೈ ಹಿಡಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋಗಿ ತೆಳ್ಳಗೆ ಗಂಜಿ ಕಾಸಿ, ಆರಿಸಿ ತಂದಳು.

ತಾಸಾದ ಮೇಲೆ ಹತ್ತಿ ಉಗುಳಿದೆ. ಇನ್ನು ಮಾತಾಡಲು ಅಡ್ಡಿಯಿರಲಿಲ್ಲ. ಆದರೂ “ತಪ್ಪಾತು ಅಕ್ಕಾ” ಎಂಬುದೊಂದನ್ನು ಬಿಟ್ಟು ಏನೂ ಹೇಳಲಿಲ್ಲ. ನನ್ನ ಜೀವಮಾನದಲ್ಲೇ ಇದು ದೊಡ್ಡ ಸಾಹಸ.

ಅಕ್ಕ ಎರಡು ದಿನ ಇದ್ದಳು. “ನನ್ನ ತಮ್ಮ ಭಾಳ ಶಾಂತ ಆಗ್ಯಾನ್ರಿ” ಎಂದು ನೆರೆಮನೆಯವರಿಗೆಲ್ಲ ಹೇಳಿದಳು. ಒಂದು ಕೆನ್ನೆ ಹಲ್ಲಿನಿಂದ ಊದಿತ್ತು. ಇನ್ನೊಂದು ಈ ಮಾತಿಗೆ ಊದಿ ಮುಖ ಸಮವಾಯಿತು.

ಅವಳನ್ನು ಬಸ್ಸಿಗೆ ಹತ್ತಿಸಿ ಬಂದು ಹೆಂಡತಿಗೆ, “ನೋಡಿದೇನು ನನ್ನ ತಾಳ್ಮಿ?” ಎಂದೆ.

“ನೋಡಿದೆನ್ರಿ” ಎಂದಳು ಅವಳು. “ಇನ್ನೊಂದು ಹಲ್ಲ ಯಾವಾಗ ತೆಗಿಸ್ತೀರಿ? ನನಗೂ ಒಂದಿಷ್ಟು ಮಾತಾಡೋದೈತಿ.”