ಬೇಲಿ ಕಾಣದ ತೋಟ

ಓದಿದ್ದನ್ನು ಓದಿ ಸುಮ್ಮನಿರುವ ಜನ ಪುಣ್ಯವಂತರು. ನನಗೆ ಆ ಪುಣ್ಯವಿಲ್ಲ. ಬಾಳ್ಳುಪೇಟೆಯ ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ಮೇಷ್ಟರು ನಾನು. ಹೇಳಿ ಮುಗಿಸಬೇಕಾದ ಇತಿಹಾಸವನ್ನು ಮನೆ ಮುಂದೆ ಅಗೆಯಲು ಹೋದೆ. ಸಕಲೇಶಪುರದ ಕಡೆ ಯಾವುದೋ ಎಸ್ಟೇಟ್ ಬಂಗಲೆ ಖಾಲಿ ಮಾಡುವಾಗ ಹಳೆಯ ಪುಸ್ತಕಗಳನ್ನು ಹಂಚಿದರು. ನನ್ನ ಕೈಗೆ ಬಂದದ್ದು ಅಮೆರಿಕದ ಹಳೆಯ ತೋಟಗಳ ಚರಿತ್ರೆ. ಅಲ್ಲಿಗೆ ಮೊದಮೊದಲು ವಲಸೆ ಹೋದ ಬಿಳಿಯರು ಮನೆಗೆ ಒತ್ತಿಕೊಂಡೇ ಚೌಕ ಪಾತಿ ಮಾಡಿ, ಸೊಪ್ಪು, ಮದ್ದಿನ ಗಿಡ, ಹೂವು ಎಲ್ಲವನ್ನೂ ಒಟ್ಟಿಗೆ ಬೆಳೆದು ಸುತ್ತ ಬೇಲಿ ಹಾಕುತ್ತಿದ್ದರಂತೆ. ಚಿತ್ರ ನೋಡಿದ ನನ್ನ ಹೆಂಡತಿ ಜಯಮ್ಮ, “ಇದೇನ್ರೀ, ನಮ್ಮವ್ವನ ಹಿತ್ಲು ಇದ್ದಂಗೈತೆ!” ಎಂದಳು.

ಅಲ್ಲಿಗೆ ಪುಸ್ತಕ ಮುಚ್ಚಿದ್ದರೆ ಬಚಾವಾಗುತ್ತಿದ್ದೆ. ಮುಂದಿನ ಅಧ್ಯಾಯದಲ್ಲಿ ದೊಡ್ಡ ಜಮೀನ್ದಾರರು ಬಂದರು. ಅವರಿಗೆ ಬೇಲಿ ಕಂಡರಾಗದು. ಇಂಗ್ಲೆಂಡಿನವರನ್ನು ನೋಡಿ ಬೇಲಿಯ ಬದಲು ಆಳವಾದ ಕಂದಕ ತೋಡಿಸಿದರು. ಜಗಲಿಯಲ್ಲಿ ಕೂತರೆ ಹುಲ್ಲು ದೂರದ ಬೆಟ್ಟದವರೆಗೂ ಒಂದೇ ಹಾಸಿನಂತೆ ಕಾಣಬೇಕು. ದನ ಮಾತ್ರ ಒಳಗೆ ಬರಕೂಡದು. ನನಗೂ ಬೆಟ್ಟವಿತ್ತು. ದನವೂ ಇತ್ತು, ಪಕ್ಕದ ಮನೆ ಪುಟ್ಟೇಗೌಡರದು.

“ಬೇಲಿ ಕಿತ್ತಾಕಿದ್ರೆ ನನ್ನ ಡೇಲಿಯಾ ಗತಿ ಏನ್ರೀ?” ಎಂದು ಜಯಮ್ಮ ಅಡ್ಡ ನಿಂತಳು.

“ಒಂದು ಹೂವು ಹೋದ್ರೂ ನನ್ನ ಕೇಳು,” ಎಂದೆ.

ಇಬ್ಬರು ಆಳುಗಳು ಬೇಲಿ ಕಿತ್ತು ವಾರ ಪೂರ್ತಿ ಕಂದಕ ಅಗೆದರು. ಪುಟ್ಟೇಗೌಡರು ಬಂದು ಬಗ್ಗಿ ನೋಡಿ, “ಇದು ನಮ್ಮ ಎಸ್ಟೇಟ್ ಸುತ್ತ ಹೊಡೆಸೋ ಅಗಳು ಅಲ್ವಾ ಮೇಷ್ಟ್ರೇ? ಇದ್ಕೆ ಅಮೆರಿಕದ ತಂಕ ಹೋಗ್ಬೇಕಿತ್ತಾ?” ಎಂದರು. ನಾನು ಕನ್ನಡಕ ಒರೆಸಿಕೊಂಡೆ.

ಭಾನುವಾರ ಹೆಡ್‌ಮಾಸ್ಟರನ್ನು ಕಾಫಿಗೆ ಕರೆದೆ. ಅವರನ್ನು ಜಗಲಿಯ ಮೇಲೆ ಕೂರಿಸಿ, ಅವರ ಮುಖದ ಮೇಲಿನ ಬೆರಗು ಕಣ್ತಪ್ಪಿಹೋಗದಿರಲೆಂದು ಹಿಂದಹಿಂದಕ್ಕೆ ಹೆಜ್ಜೆಯಿಡುತ್ತ, “ನೋಡಿ ಸಾರ್, ಎಲ್ಲಾದ್ರೂ ಬೇಲಿ ಕಾಣುತ್ತಾ?” ಎಂದೆ.

“ಇಲ್ಲ,” ಎಂದರು. ಮರುಕ್ಷಣ ಅವರ ದನಿ ಮೇಲಿನಿಂದ ಕೇಳಿಸಿತು: “ಈಗ ನೀವೂ ಕಾಣ್ತಿಲ್ಲ!”

ಪುಟ್ಟೇಗೌಡರು ಓಡಿಬಂದು ರಟ್ಟೆ ಹಿಡಿದು ಎಳೆದರು. ಆಚೆ ದಡದಲ್ಲಿ ಅವರ ಹಸು ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿತ್ತು. “ವಾರದಿಂದ ಇಲ್ಲೇ ಓಡಾಡ್ತೈತೆ. ಒಂದಿನಾನೂ ಬಿದ್ದಿಲ್ಲ ಕಣ್ರೀ,” ಎಂದರು ಗೌಡರು, ನೋಯಿಸುವ ಉದ್ದೇಶವಿಲ್ಲದೆ.

ಡೇಲಿಯಾ ಒಂದೂ ಹೋಗಲಿಲ್ಲ. ಹೋದದ್ದು ನನ್ನ ಪಾದದ ಕೀಲು. ಪಟ್ಟಿ ಕಟ್ಟಿಸಿಕೊಂಡು ಕಾಲು ಚಾಚಿ ಜಗಲಿಯಲ್ಲಿ ಕೂತಾಗ ತಿಳಿಯಿತು, ಮನೆಯಿಂದ ಬೆಟ್ಟ ಕಾಣುವಷ್ಟೇ ಚೆನ್ನಾಗಿ ರಸ್ತೆಯಿಂದ ನಾನೂ ಕಾಣುತ್ತಿದ್ದೆ. ಹೋಗುವವರು, ಬರುವವರು, ಬಸ್ಸಿಗೆ ಕಾಯುವ ನನ್ನ ವಿದ್ಯಾರ್ಥಿಗಳು, ಎಲ್ಲರದೂ ಒಂದೇ ಪ್ರಶ್ನೆ: “ಎಲ್ಲಿ ಬಿದ್ರಿ ಸಾರ್?”

ನಾಲ್ಕನೆಯ ದಿನ ನಾನೇ ಜಯಮ್ಮನನ್ನು ಕರೆದು, ಬೇಲಿ ಹಾಕಿಸೋಣ ಎಂದೆ.

“ದನಕ್ಕೇನ್ರೀ?”

“ಅಲ್ಲ ಕಣೇ, ಜನಕ್ಕೆ.”